ಹಿಮದೊಳಗಿಂದ ಬಂದ ಕಟಕಟ

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳಿದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಜಾರಿಲ್ಲ.

ನನ್ನ ಗಂಡನಿಗೆ ಹಳೆಯ ಮೆಷಿನ್ ಗನ್‌ಗಳ ಹುಚ್ಚು. ಕೈಯಿಂದ ಹ್ಯಾಂಡಲ್ ತಿರುಗಿಸಿ ಗುಂಡು ಹಾರಿಸುತ್ತಿದ್ದ, ನೂರು ವರ್ಷಕ್ಕೂ ಹಿಂದಿನವು, ಸಿಗುವುದೇ ಅಪರೂಪ. ನಾವು ಬಂದು ನೆಲೆಸಿದ ಪರದೇಶದ ಊರು ಬ್ರಿಡ್ಜ್‌ವಾಟರಿನಲ್ಲಿ ಬೇರೆ ಮನೆಗಳ ಗರಾಜಿನಲ್ಲಿ ಕಾರು ನಿಂತರೆ, ನಮ್ಮ ಗರಾಜಿನಲ್ಲಿ ದೊಡ್ಡ ಚಕ್ರಗಳ ಮೇಲೆ ಆರು ನಳಿಗೆಯ ಗನ್ನು ನಿಂತಿತ್ತು. ಗುಂಡನ್ನು ಮಾತ್ರ ಅವರು ಒಮ್ಮೆಯೂ ಮನೆಯೊಳಗೆ ತಂದವರಲ್ಲ. ಮೆಕ್ಯಾನಿಕಲ್ ಎಂಜಿನಿಯರ್, ಹಲ್ಲುಚಕ್ರಗಳು ಸರಿಯಾಗಿ ಕೂತು ಕಟಕಟ ಅಂದರೆ ಅವರಿಗೆ ಅದೇ ಸ್ವರ್ಗ. ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕುತ್ತಿದ್ದರು. ನಾನು ಅದನ್ನು ಸವತಿ ಎಂದೇ ಕರೆಯುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಅವರಿಗೆ ಮರೆವು ಶುರುವಾಯಿತು. ಆ ಚಳಿಗಾಲದ ಒಂದು ಮಧ್ಯಾಹ್ನ, ಎದುರಿನ ಮನೆ ಕಾಣದಷ್ಟು ಹಿಮ ಬೀಳುತ್ತಿರುವಾಗ, ನಾನು ಸ್ನಾನ ಮುಗಿಸಿ ಬಂದರೆ ಮುಂಬಾಗಿಲು ತೆರೆದಿತ್ತು. ಅವರ ಕೋಟು, ಫೋನು ಎರಡೂ ಮನೆಯಲ್ಲೇ. ಹೆಜ್ಜೆ ಗುರುತು ಆಗಲೇ ಮುಚ್ಚಿಹೋಗಿತ್ತು. ಪೊಲೀಸರಿಗೆ ಫೋನ್ ಮಾಡಿದರೆ, ರಸ್ತೆ ಬಂದ್ ಆಗಿದೆ, ತಡವಾಗುತ್ತದೆ ಎಂದರು. ಪಕ್ಕದ ಮನೆಯ ಧಾರವಾಡದ ಡಾಕ್ಟರು, “ಆಂಟಿ, ನೀವು ಮನೀ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ, ನಾ ನೋಡ್ತೀನಿ” ಎಂದು ರಸ್ತೆಯ ಕಡೆ ಓಡಿದರು.

“ರೀ, ರೀ” ಎಂದು ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ನನ್ನ ದನಿ ಮರೆತರೂ ಆ ಗನ್ನಿನ ಸದ್ದು ಮರೆಯಲಾರರು ಎನಿಸಿತು. ಗರಾಜಿನ ಬಾಗಿಲು ತೆರೆದು, ಜೀವನದಲ್ಲಿ ಮೊದಲ ಸಲ ಆ ಹ್ಯಾಂಡಲ್ ಹಿಡಿದೆ. ದೇವರೇ, ಅವರಿಗೆ ಕೇಳಲಿ ಎಂದು ಅಳುತ್ತಾ ತಿರುಗಿಸಿದೆ. ಕೊನೆಗೆ ತೋಳು ಸೋತು ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ.

ನಳಿಗೆಗಳು ನನ್ನ ಕಣ್ಣೆದುರೇ ಅಲುಗಾಡದೆ ನಿಂತಿದ್ದವು. ಅದೇ ಕಟಕಟ ಮನೆಯ ಹಿಂದಿನಿಂದ, ಹಿಮದೊಳಗಿಂದ ಬರುತ್ತಿತ್ತು. ಮೊಣಕಾಲುದ್ದ ಹಿಮದಲ್ಲಿ ಬಿದ್ದೆದ್ದು ಅತ್ತ ನಡೆದೆ. ಹಿತ್ತಲ ಬೇಲಿಯಾಚೆ ಒಂದು ಮರದ ಬುಡದಲ್ಲಿ ಅವರು ಕುಸಿದು ಕೂತಿದ್ದರು. ನಾನು ಮುಟ್ಟಿದೊಡನೆ ಸದ್ದು ನಿಂತಿತು. ಬರಿಗೈ, ಮರಗಟ್ಟಿದ ಬೆರಳುಗಳು. ಸುತ್ತ ಏನೂ ಇರಲಿಲ್ಲ.

“ಎಷ್ಟೊತ್ತಿಂದ ತಿರುಗಿಸ್ತಾ ಇದೀಯೇ, ನನ್ನ ಪಕ್ಕದಲ್ಲಿ ಕೂತು? ಕೈ ನೋಯಲ್ವಾ?” ಎಂದರು.

ಪ್ರತಿಧ್ವನಿ ಇರಬೇಕು ಎಂದರು ಡಾಕ್ಟರು. ನಾನು ನಿಲ್ಲಿಸಿದ ಮೇಲೂ ಅಷ್ಟು ಹೊತ್ತು ಉಳಿಯುತ್ತದೆಯೇ ಎಂದು ಕೇಳಿದೆ. ನನಗಂತೂ ಇವತ್ತಿಗೂ ಗೊತ್ತಿಲ್ಲ.

ಅವತ್ತು ಅವರು ಬದುಕಿದರು. ಈಗ ದಿನವಿಡೀ ನನ್ನೆದುರೇ ಕೂತಿರುತ್ತಾರೆ. ನಾನು ಯಾರೆಂದು ಅವರಿಗೆ ತಿಳಿಯದು. ಒಂದೊಂದು ದಿನ ತಡೆಯಲಾರದೆ ಅವರನ್ನು ಗರಾಜಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ, ತೋಳು ಸೋಲುವವರೆಗೂ ಹ್ಯಾಂಡಲ್ ತಿರುಗಿಸುತ್ತೇನೆ. ಆಮೇಲೆ ನಿಲ್ಲಿಸಿ, ಉಸಿರು ಹಿಡಿದು ಕಿವಿಗೊಡುತ್ತೇನೆ. ಯಾವ ಕಡೆಯಿಂದಲೂ ಏನೂ ಕೇಳುವುದಿಲ್ಲ.