ಲಾಂಗೂಯಿ ಒರೆಸಿದ ಎಲುಬುಗಳು

ಹತ್ತೊಂಬತ್ತು ವರ್ಷದಿಂದ ಲಾಂಗೂಯಿ ಆ ಶಾಲೆಯ ವಿಜ್ಞಾನದ ಕೋಣೆಯನ್ನು ಗುಡಿಸುತ್ತಿದ್ದಳು. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಮೂಲೆಯಲ್ಲಿ ಕಬ್ಬಿಣದ ಕೊಕ್ಕೆಗೆ ತೂಗುಹಾಕಿದ್ದ ಅಸ್ಥಿಪಂಜರವನ್ನು ಸಂಜೆ ಮಕ್ಕಳ ಬೆಂಚುಗಳತ್ತ ಮುಖ ಮಾಡಿಸಿ ಹೋಗುತ್ತಿದ್ದಳು. ಬೆಳಿಗ್ಗೆ ಬಂದರೆ ಅದು ಕಿಟಕಿಯಾಚೆಯ ಬೆಟ್ಟದ ಕಡೆ ತಿರುಗಿರುತ್ತಿತ್ತು. ದಿನವೂ ಅಲ್ಲ. ಮಂಜು ಕಣಿವೆಗಿಳಿದು ಗಾಜೆಲ್ಲ ಬೆಳ್ಳಗಾದ ದಿನಗಳಲ್ಲಿ. ಕೊಕ್ಕೆ ಸಡಿಲವಾಗಿದೆ, ಗಾಳಿಗೆ ತಿರುಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಅದರ ಭುಜ ಹಿಡಿದು ಮೆಲ್ಲಗೆ ಇತ್ತ ತಿರುಗಿಸುತ್ತಿದ್ದಳು. ಆದರೆ ಹಿಂದಿನ ಸಂಜೆ ಕಿಟಕಿಗಳಿಗೆಲ್ಲ ಚಿಲಕ ಹಾಕಿದವಳೂ ಅವಳೇ.

ಲಾಂಗೂಯಿ ಬುನುನ್ ಎಂಬ ಬೆಟ್ಟದ ಬುಡಕಟ್ಟಿನ ಹೆಂಗಸು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರು, ಚೀನೀ ಹೆಸರು. ಎಲ್ಲರೂ ಅವಳನ್ನು ‘ಆ-ಲಾನ್’ ಎನ್ನುತ್ತಿದ್ದರು. ಇದೇ ಶಾಲೆಯಲ್ಲಿ ಅವಳು ಓದಿದ್ದಳು. ಆಗ ಒಮ್ಮೆ ವಿಜ್ಞಾನದ ಮೇಷ್ಟ್ರು, “ಬೀಜ ಮೊಳೀಬೇಕಾದ್ರೆ ಏನೇನು ಬೇಕು?” ಎಂದು ಕೇಳಿದ್ದರು. ಹನ್ನೆರಡರ ಹುಡುಗಿ ಎದ್ದು ನಿಂತು, “ನೀರು, ಗಾಳಿ, ಬೆಚ್ಚಗಿನ ಮಣ್ಣು. ಆಮೇಲೆ ನವಣೆ ಬಿತ್ತೋ ದಿನ ಯಾರೂ ಸೀನಬಾರದು” ಎಂದಳು. ನವಣೆಗೆ ಚೀನೀ ಮಾತು ನೆನಪಾಗದೆ ತನ್ನ ಭಾಷೆಯ ಶಬ್ದವನ್ನೇ ಬಳಸಿದ್ದಳು. ಮೇಷ್ಟ್ರು ಮೊದಲ ಮೂರಕ್ಕೆ ಅಂಕ ಕೊಡಲಿಲ್ಲ. ಊರಿನ ಮಾತಾಡಿದ್ದಕ್ಕೆ ಕೊರಳಿಗೆ ಮರದ ಹಲಗೆ ಹಾಕಿ ಊಟದ ಗಂಟೆ ಹೊಡೆಯುವವರೆಗೆ ಬಿಸಿಲಲ್ಲಿ ನಿಲ್ಲಿಸಿದರು. ಅಷ್ಟಾದರೂ ಅವಳಿಗೆ ಆ ಪಾಠದ ಮೇಲಿನ ಆಸೆ ಹೋಗಲಿಲ್ಲ. ಓದು ನಿಂತುಹೋಗಿ, ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಆಯಾ ಆಗಿ ಅದೇ ಕೋಣೆಗೆ ಬಂದಾಗ, ಹಿಂದಿನ ತೊಟ್ಟಿಯಲ್ಲಿ ಗಾಜಿನ ಕೊಳವೆ ತೊಳೆಯುತ್ತ ಪ್ರತಿ ಪಾಠವನ್ನೂ ಕೇಳಿಸಿಕೊಂಡಳು. ಇನ್ನೂರಾರು ಎಲುಬುಗಳ ಹೆಸರೂ ಅವಳ ನಾಲಿಗೆಯ ಮೇಲಿದ್ದವು.

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ಬಯಲು ಸೀಮೆಯಿಂದ ಶ್ಯೂ ಎಂಬ ಹೊಸ ಮೇಷ್ಟ್ರು ಬಂದರು. ಮೂವತ್ತು ತುಂಬದ ಮನುಷ್ಯ. ಒಳ್ಳೆಯವರು, ಸ್ವಲ್ಪ ಆತುರ. ಹಲ್ಲಿನ ಪಾಠದ ದಿನ ಅಸ್ಥಿಪಂಜರದ ದವಡೆ ತೆರೆಯಲು ಹೋದರು. ಅದರ ಸ್ಪ್ರಿಂಗು ತುಕ್ಕು ಹಿಡಿದಿತ್ತು. ಜಗ್ಗಿದಾಗ ಟಕ್ಕೆಂದು ಬಾಯಿ ಬಿಟ್ಟಿತು, ಮೇಲಿನ ಸಾಲಿನಿಂದ ಎರಡು ಹಲ್ಲು ಮೇಜಿನ ಮೇಲೆ ಉದುರಿದವು. ಮಕ್ಕಳು ಹೋ ಎಂದು ನಕ್ಕರು.

ಮೇಷ್ಟ್ರು ಹಲ್ಲನ್ನು ಉಗುರಿನಿಂದ ಕೆರೆದು ನೋಡಿದರು. “ಸುಣ್ಣದ್ದು! ಯಾರೋ ಅಂಟಿಸಿ ಬಣ್ಣ ಹಚ್ಚಿದ್ದಾರೆ. ನೋಡ್ರಪ್ಪ, ಈ ಮನುಷ್ಯಂಗೆ ಇಲ್ಲಿ ಹಲ್ಲೇ ಇರ್ಲಿಲ್ಲ. ಹೊಟ್ಟೆಗಿಲ್ಲ, ಹಲ್ಲುಜ್ಜೋದಿಲ್ಲ, ಹುಳುಕು ಹಿಡಿದು ಬಿದ್ದುಹೋಗಿದೆ. ಹಿಂದಿನ ಕಾಲದವರ ಬದುಕೇ ಹಾಗಿತ್ತು.”

ತೊಟ್ಟಿಯ ಬಳಿ ಲಾಂಗೂಯಿ ಸೀನಿದಳು. ತಡೆಯಲಾಗಲಿಲ್ಲ.

ಗಂಟೆ ಹೊಡೆದು ಕೋಣೆ ಖಾಲಿಯಾದ ಮೇಲೆ ಅವಳು ತೆರೆದ ಬಾಯಿಯ ಮುಂದೆ ನಿಂತಳು. ಮುಂದಿನ ಎರಡು ಹಲ್ಲುಗಳ ಅಕ್ಕಪಕ್ಕ, ಎಡಕ್ಕೊಂದು ಬಲಕ್ಕೊಂದು, ಅಳತೆ ಮಾಡಿಟ್ಟ ಹಾಗೆ ಸಂದು. ಅವಳ ಬೆರಳು ತಾನಾಗಿ ಅಲ್ಲಿಗೆ ಹೋಯಿತು. ಆ ಬೆರಳಿಗೆ ಆ ಜಾಗ ಗೊತ್ತಿತ್ತು. ಎಳವೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು, ನಗುತ್ತಿದ್ದ ಅಜ್ಜಿಯ ಬಾಯಲ್ಲಿ ಇದೇ ಸಂದಿಗೆ ಬೆರಳಿಟ್ಟು ಆಡಿದ್ದಳು. ಮೈನೆರೆಯುವ ವಯಸ್ಸಿನಲ್ಲಿ ದಾರ ಕಟ್ಟಿ ಕೀಳಿಸಿದ್ದು ಅದು. ಆಗಿನವರಿಗೆ ಅದಿಲ್ಲದೆ ಚೆಲುವಿಲ್ಲ. ಹತ್ತೊಂಬತ್ತು ವರ್ಷ ಒರೆಸಿದ್ದು ಒಂದು ಸಾಮಾನು ಎಂದುಕೊಂಡಿದ್ದಳು.

ಮರುವಾರ ಉಮಾವ್ ಎಂಬ ಹುಡುಗಿ ವಿಜ್ಞಾನದ ತರಗತಿಗೆ ಹೋಗದೆ ಜಗಲಿಯಲ್ಲಿ ಕಂಬ ತಬ್ಬಿ ನಿಂತಿದ್ದಳು. ಮೇಷ್ಟ್ರ ಹಾಜರಿಯಲ್ಲಿ ಅವಳು ವಾಂಗ್ ಶೂ-ಛಿನ್. ಉಮಾವ್ ಎನ್ನುವುದು ಮನೆಯ ಹೆಸರು, ಸತ್ತ ಹಿರಿಯಳಿಂದ ಇಳಿದು ಬಂದದ್ದು.

“ಯಾಕೆ ಮಗಾ, ಒಳಗೆ ಹೋಗಲ್ವಾ?”

“ಅತ್ತೆ, ಅದು ನನ್ನ ಕರೀತು.”

“ಯಾವುದು?”

“ಮೂಲೇಲಿ ನಿಂತಿರೋದು. ಶೂ-ಛಿನ್ ಅಂತಲ್ಲ. ಉಮಾವ್ ಅಂತ. ಸ್ಕೂಲಲ್ಲಿ ಯಾರೂ ನನ್ನ ಹಾಗೆ ಕರೆಯಲ್ಲ.”

ಬುನುನರ ನಂಬಿಕೆಯಲ್ಲಿ ಪ್ರತಿಯೊಬ್ಬರ ಎರಡು ಭುಜದ ಮೇಲೂ ಹಾನಿತು ಎಂಬ ಒಂದೊಂದು ಆತ್ಮ ಕೂತಿರುತ್ತದೆ, ಬಲಗಡೆಯದು ಒಳ್ಳೆಯದಕ್ಕೆ ಎಳೆಯುತ್ತದೆ, ಎಡಗಡೆಯದು ಕೇಡಿಗೆ. ಲಾಂಗೂಯಿ ದನಿ ತಗ್ಗಿಸಿ ಕೇಳಿದಳು: “ಯಾವ ಕಿವಿಗೆ ಕೇಳಿಸ್ತು?”

“ಬಲಗಿವಿಗೆ.”

ಎಡಕ್ಕೆ ಎಂದಿದ್ದರೆ ಬಯ್ದು ಓಡಿಸಬಹುದಿತ್ತು. ಬಲಕ್ಕೆ ಎಂದ ಮೇಲೆ ಕೇಳದೆ ಬೇರೆ ದಾರಿಯಿರಲಿಲ್ಲ.

ಅವತ್ತೇ ಸಂಜೆ ಅವಳು ವಿಲಿಯಾನ್ ಅಜ್ಜನ ಮನೆಗೆ ಹೋದಳು. ಉಮಾವಳಿಗೆ ಮುತ್ತಜ್ಜನ ವರಸೆಯವನು. ಬೆಟ್ಟದ ಮೇಲಿನ ಹಳೆಯ ಊರಲ್ಲಿ ಹುಟ್ಟಿದವನು. ಜಪಾನಿಯರು ಆಳುತ್ತಿದ್ದ ಕಾಲದಲ್ಲಿ ಪೊಲೀಸರು ಊರಿಗೆ ಊರನ್ನೇ ಕೆಳಗಿಳಿಸಿದಾಗ ಅವನಿಗೆ ಹತ್ತು ವರ್ಷ. ಆ ಊರಲ್ಲಿ ಸತ್ತವರನ್ನು ಹೊರಗೆ ಹೂಳುತ್ತಿರಲಿಲ್ಲ. ಮನೆಯೊಳಗೇ, ಚಪ್ಪಡಿಯ ಕೆಳಗೆ, ಮೊಣಕಾಲು ಮಡಚಿ ಕೂರಿಸುತ್ತಿದ್ದರು.

“ನಾವು ಇಳಿದು ಎರಡು ವರ್ಷಕ್ಕೆ ಅಪ್ಪನ ಜೊತೆ ಹಳೇ ಊರಿನ ಕಡೆ ಬೇಟೆಗೆ ಹೋದೆ,” ಎಂದ ಅಜ್ಜ. “ಮನೆ ನೆಲ ಬಗೆದು ಎಲುಬೆಲ್ಲ ಒಯ್ದಿದ್ರು. ಚಪ್ಪಡಿಗಳನ್ನ ಎತ್ತಿ, ಸಣ್ಣದರ ಪಕ್ಕ ಸಣ್ಣದು, ದೊಡ್ಡದರ ಪಕ್ಕ ದೊಡ್ಡದು, ಗೋಡೆಗೆ ಒರಗಿಸಿಟ್ಟಿದ್ರು. ಕಳ್ಳ ಅಷ್ಟು ಓರಣವಾಗಿ ಇಡ್ತಾನೇನೇ? ಓದಿದವರ ಕೆಲಸ ಅದು.”

“ನೆಲದ ಕೆಳಗೆ ಯಾರ್ಯಾರಿದ್ರು ಅಜ್ಜ?”

“ಐದು ಜನ. ನಮ್ಮ ಸೋದರತ್ತೆ ಉಮಾವೂ ಇದ್ಲು. ನಿಮ್ಮ ಕೋಣೇಲಿ ನಿಂತಿರೋದು ಅವಳೋ ಇನ್ಯಾರೋ, ಹೆಂಗೆ ಹೇಳ್ಲಿ? ಊರಿಗೆ ಊರೇ ಬಗೆದಿದ್ರು.”

ಮರುದಿನ ಅವಳು ಶ್ಯೂ ಮೇಷ್ಟ್ರನ್ನು ತಡೆದು ನಿಲ್ಲಿಸಿದಳು. ಪೊರಕೆ ಇನ್ನೂ ಕೈಯಲ್ಲೇ ಇತ್ತು.

“ಮೇಷ್ಟ್ರೇ, ನೋಡಿ ಆಮೇಲೆ ಹೇಳಿ ಅಂತ ನೀವೇ ಮಕ್ಕಳಿಗೆ ಹೇಳ್ತೀರ. ಈ ಬಾಯಿ ನೀವು ನೋಡಿದ್ರಾ?”

“ನೋಡಿದ್ನಲ್ಲ.”

“ಬೆರಳು ಇಡಿ.”

ಅವರು ನಗುತ್ತಲೇ ಇಟ್ಟರು. ನಗು ನಿಂತಿತು. ಹುಳುಕಿನ ಗುರುತಿಲ್ಲ, ಕೀವಿನ ತೂತಿಲ್ಲ. ಎರಡೂ ಕಡೆ ಎಲುಬು ಒಂದೇ ಸಮನೆ ಕೂಡಿಕೊಂಡು ನುಣ್ಣಗಾಗಿತ್ತು. ಪಕ್ಕದ ಹಲ್ಲುಗಳು ಗಟ್ಟಿಮುಟ್ಟಾಗಿದ್ದವು. “ಚಿಕ್ಕ ವಯಸ್ಸಲ್ಲಿ ಕಿತ್ತಿದ್ದು,” ಎಂದರು ಮೆಲ್ಲಗೆ. ತಲೆಬುರುಡೆಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಮಾಸಿದ ಶಾಯಿಯಲ್ಲಿ ಅಂಕಿ. ಕಪಾಟಿನ ಹಳೆಯ ಪಟ್ಟಿಯಲ್ಲಿ ಅದೇ ಅಂಕಿಯ ಮುಂದೆ ‘ಬೆಟ್ಟದ ಜನ, ಹೆಣ್ಣು’ ಎಂದಿತ್ತು. ಊರಿನ ಹೆಸರಿಲ್ಲ, ಆ ಹೆಣ್ಣಿನ ಹೆಸರಿಲ್ಲ.

“ಆ-ಲಾನ್ ಅಕ್ಕ, ನಾನು ಮಕ್ಕಳ ಮುಂದೆ ತಪ್ಪು ಹೇಳ್ದೆ.”

“ನನ್ನ ಹೆಸರು ಲಾಂಗೂಯಿ.”

ಮುಂದಿನ ಸೋಮವಾರ ಹಲ್ಲಿನ ಪಾಠವನ್ನು ಮತ್ತೆ ಮಾಡಿಸಿದರು, ಮಾಡಿದ್ದು ಲಾಂಗೂಯಿ. ಕಿತ್ತ ಹಲ್ಲಿನ ಗುಣಿ ಹೇಗೆ ತುಂಬಿಕೊಳ್ಳುತ್ತದೆ, ಉದುರಿದ್ದಕ್ಕೂ ಕಿತ್ತಿದ್ದಕ್ಕೂ ಏನು ವ್ಯತ್ಯಾಸ, ಯಾಕೆ ಕೀಳುತ್ತಿದ್ದರು ಎಂದು ಹೇಳುತ್ತ ಹೇಳುತ್ತ ಅವಳು ಎರಡು ಭಾಷೆಯನ್ನೂ ಬೆರೆಸಿದಳು. ಯಾರೂ ನಗಲಿಲ್ಲ. ಉಮಾವ್ ಬಾಗಿಲಲ್ಲಿ ನಿಂತು ಕೇಳಿ, ಕೊನೆಗೆ ಒಳಗೆ ಬಂದು ಕೂತಳು.

ಎಲುಬುಗಳನ್ನು ಮಣ್ಣು ಮಾಡಲು ಕೊಡಿ ಎಂದು ಕೇಳಿದರೆ ಹೆಡ್‌ಮಾಸ್ಟರು ಒಪ್ಪಲಿಲ್ಲ. “ಸರ್ಕಾರಿ ಸಾಮಾನು. ತನಿಖೆಗೆ ಬಂದವರು ಎಲ್ಲಿ ಅಂತ ಕೇಳಿದ್ರೆ ನಿಮ್ಮಜ್ಜಿ ಅಂತ ಹೇಳ್ಲಾ?” ಎಂದು ಅದನ್ನು ಉಗ್ರಾಣಕ್ಕೆ ಹಾಕಿಸಿದರು. ಶ್ಯೂ ಮೇಷ್ಟ್ರು ನಾಲ್ಕು ವರ್ಷ ಇಲಾಖೆಗೆ ಕಾಗದ ಬರೆದರು. ಕೊನೆಗೆ ಬಂದ ಉತ್ತರ ಒಂದೇ ಸಾಲು: ಮುರಿದ ಎರಡು ಸ್ಟೌಗಳ ಜೊತೆ ಅಸ್ಥಿಪಂಜರವನ್ನೂ ಗುಜರಿಗೆ ಸೇರಿಸಬಹುದು.

“ಗುಜರಿ ಅಂತಾದ್ರೂ ಅನ್ನಲಿ, ಮನೆಗೆ ಬರಲಿ” ಎಂದಳು ಲಾಂಗೂಯಿ.

ಮಂಜು ಇಳಿದ ಒಂದು ಮಧ್ಯಾಹ್ನ ಕೋಣೆಯ ನೆಲಕ್ಕೆ ಚಾಪೆ ಹಾಸಿ ಇಬ್ಬರೂ ತಂತಿ ಬಿಚ್ಚತೊಡಗಿದರು. ಎಲುಬುಗಳನ್ನು ಜೋಡಿಸಿಡುತ್ತಿದ್ದವರು ಮೇಷ್ಟ್ರು. ಎರಡು ತೊಡೆಯ ಎಲುಬನ್ನು ಪಕ್ಕಪಕ್ಕ ಇಟ್ಟರು, ಒಂದು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ. ಸೊಂಟ ನೋಡಿದರು, ಗಂಡಸಿನದು. ಬಲಗೈಯ ಎಲುಬು ತಿರುಗಿಸಿದರು, ಬಣ್ಣವೇ ಬೇರೆ, ಅದರ ಮೇಲಿನ ಬರಹವೂ ಬೇರೆ.

“ಅಕ್ಕ, ಇದು ಒಬ್ಬರಲ್ಲ. ಮೂರು ಜನ.”

ಇಷ್ಟು ವರ್ಷ ಒಂದೇ ಕೊಕ್ಕೆಗೆ ಮೂವರು ತೂಗುತ್ತಿದ್ದರು. ಲಾಂಗೂಯಿಯ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯಿತು.

“ಎಲ್ಲಾ ನಮ್ಮೋರೇನಾ?”

“ಬುರುಡೆ ನಿಮ್ಮೋರದ್ದೇ. ಸೊಂಟ, ಕಾಲು ಗೊತ್ತಿಲ್ಲ. ಈ ಕೈ... ಇದು ಈ ಬೆಟ್ಟದ್ದೇ ಅಲ್ದೆ ಇರಬಹುದು. ಸಮುದ್ರದಾಚೆಯಿಂದ ತಂದಿರಬಹುದು.”

ಹಳೆಯ ಊರಿಗೆ ಹತ್ತಲು ಅಜ್ಜನ ಮೊಣಕಾಲು ಕೇಳುತ್ತಿರಲಿಲ್ಲ. ಆದರೆ ಅವನ ಅಡಿಗೆಮನೆಯ ನೆಲ ಇನ್ನೂ ಮಣ್ಣಿನದೇ. ಊರಿನ ಚರ್ಚಿನ ಪಾದ್ರಿಗೂ ಹೇಳಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಶ್ಯೂ ಮೇಷ್ಟ್ರೇ ಅಂಗಿ ಕಳಚಿ ಗುಂಡಿ ತೋಡಿದರು. ಪಟ್ಟಣದ ಶಾಲೆಯಿಂದ ಉಮಾವ್ ಬಂದಿದ್ದಳು. ಕೈಯ ಎಲುಬಿನ ಸರದಿ ಬಂದಾಗ ಲಾಂಗೂಯಿ ಅನುಮಾನಿಸಿದಳು.

“ಅಜ್ಜ, ಇವರು ಯಾರೋ ಏನೋ.”

“ಮನೆ ಬಾಗಿಲಿಗೆ ಬಂದೋರನ್ನ ಹೊರಗೆ ಮಲಗಿಸ್ತಾರೇನೇ? ಒಲೆ ಹತ್ರ ಜಾಗ ಕೊಡು.”

ಒಲೆಯ ಹತ್ತಿರವೇ ಕೊಟ್ಟರು. ಮೇಲೆ ಚಪ್ಪಡಿ ಹಾಸಿ, ನವಣೆಯ ಹೆಂಡ ಸುರಿದರು.

ಅಂದಿನಿಂದ ಉಮಾವಳಿಗೆ ಯಾರೂ ಕರೆದದ್ದು ಕೇಳಿಸಲಿಲ್ಲ. ವಿಜ್ಞಾನದ ಕೋಣೆಯಲ್ಲಿ ಈಗ ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಹಲ್ಲಿನ ಪಾಠವನ್ನು ನಿವೃತ್ತಿಯ ವರ್ಷದವರೆಗೂ ಲಾಂಗೂಯಿಯೇ ಮಾಡಿದಳು. ಆದರೆ ಅಜ್ಜನ ಅಡಿಗೆಮನೆಗೆ ಹೋದಾಗಲೆಲ್ಲ, ಒಲೆ ಊದಲು ಬಗ್ಗಿದರೆ, ಅವಳ ಬಲಗಿವಿಗೆ ಒಂದು ದನಿ ಕೇಳಿಸತೊಡಗಿತು. ಬುನುನ್ ಅಲ್ಲ, ಚೀನೀ ಅಲ್ಲ, ಅಜ್ಜನಿಗೆ ಬರುತ್ತಿದ್ದ ಜಪಾನಿಯೂ ಅಲ್ಲ. ಒಂದೇ ಶಬ್ದ, ಮತ್ತೆ ಮತ್ತೆ. ಹೆಸರಿರಬಹುದು, ಊರಿರಬಹುದು. ಅವಳು ಅದನ್ನು ಕೇಳಿಸಿದ ಹಾಗೆಯೇ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಊರಿಗೆ ಬಂದ ಪ್ರತಿ ಪರಸ್ಥಳದವರಿಗೂ ತೋರಿಸಿ, “ಇದು ಯಾರ ಮಾತು, ಗೊತ್ತಾ?” ಎಂದು ಕೇಳುತ್ತಿದ್ದಾಳೆ.