ಶಿವಕಾಂತಾ ಬಿಚ್ಚದ ಗಂಟು

ಬಿಬವೇವಾಡಿಯ ಶಿವಕಾಂತಾ ಮನೆಯಲ್ಲೇ ಜೋಳದ ಕಡಕ್ ರೊಟ್ಟಿ ಮಾಡಿ ಮಾರುವವಳು. ಬೆಂದ ಪ್ರತಿ ರೊಟ್ಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎಕ್ಸ್‌ರೇ ನೋಡುವ ಡಾಕ್ಟರಂತೆ ಹುಬ್ಬು ಗಂಟಿಕ್ಕುವಳು. ತುಸು ಮೆತ್ತಗೆನಿಸಿದರೂ ಮತ್ತೆ ಹಂಚಿಗೆ. ಮಳೆಗಾಲದಲ್ಲಿ ಹೀಗೆ ಮೂರು ಮೂರು ಸಲ ಹಂಚು ಕಂಡ ರೊಟ್ಟಿ ಮುಟ್ಟಿದರೆ ಪುಡಿಯಾಗುತ್ತಿತ್ತು. ತಪ್ಪು ಜೋಳದ್ದು, ಬಿಡಿ. ಗಂಡ ಬಸವಪ್ರಭು ಆ ಪುಡಿಯನ್ನು ಮೊಸರಲ್ಲಿ ಕಲಸಿ ಉಂಡು, ಮಾತಾಡದೆ ತನ್ನ ಕಿರಾಣಿ ಅಂಗಡಿಗೆ ಹೋಗುತ್ತಿದ್ದ. ಬಲ್ಲವನು.

ಶ್ರಾವಣದಲ್ಲಿ ಬಾರಾಮತಿಯ ಹೊಸ ಗಿರಾಕಿಯೊಬ್ಬರು ತೊಟ್ಟಿಲ ಕಾರ್ಯಕ್ಕೆ ನೂರೈವತ್ತು ರೊಟ್ಟಿ ಹೇಳಿದರು. ಇದು ಚೆನ್ನಾಗಾದರೆ ಅವರ ಮನೆಯ ಮುಂದಿನ ಮದುವೆಯ ರೊಟ್ಟಿಯೂ ಇವಳಿಗೇ. ಕೆಟ್ಟರೆ ಆ ಕಡೆ ಇವಳ ಹೆಸರು ಎತ್ತುವವರಿಲ್ಲ. ಎರಡು ದಿನ ಇರುವಾಗ ಶಿವಕಾಂತಾಳ ಬಲ ಮಣಿಕಟ್ಟು ಊದಿತು. ಒಂದು ವಾರ ರೊಟ್ಟಿ ಬಡಿಯಕೂಡದು ಎಂದ ಡಾಕ್ಟರಿಗೆ ರೊಟ್ಟಿಯ ವಿಷಯ ಏನು ಗೊತ್ತು ಎಂದು ಗೊಣಗಿದಳು. ಆದರೆ ಕೈ ಡಾಕ್ಟರ ಮಾತನ್ನೇ ಕೇಳಿತು.

ಕೊನೆಗೆ ಸಕ್ಕುಬಾಯಿಯನ್ನು ಕರೆಸಿದಳು. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಸಕ್ಕುಬಾಯಿ, ಮೂರು ಕಲ್ಲಿನ ಒಲೆಯ ಮೇಲೆ ದಿನಾ ಇಪ್ಪತ್ತು ಜನಕ್ಕೆ ರೊಟ್ಟಿ ಬಡಿದವಳು. ಅಂಥವಳಿಗೆ ಶಿವಕಾಂತಾ ಪಕ್ಕದಲ್ಲೇ ಮಣೆ ಹಾಕಿ ಕೂತು, ನೀರೆಷ್ಟು, ನಾದುವುದೆಷ್ಟು, ಅಂಗೈ ಎಲ್ಲಿ ಬೀಳಬೇಕು ಎಂದು ಪಾಠ ಶುರುಮಾಡಿದಳು. ಹತ್ತರಲ್ಲಿ ಆರು ಹರಿದವು.

ಸಕ್ಕುಬಾಯಿ ಕೈ ತೊಳೆದು ಎದ್ದು ನಿಂತಳು.

"ಅಕ್ಕಾರ, ಬ್ಯಾನಿ ಕೈಗಷ್ಟ ಅದ ಅಂದಿದ್ರಿ. ಬಾಯಿ ಭಾಳ ಚೊಲೋ ಅದ ನಿಮ್ದು."

"ಕೆಟ್ರ ಯಾರು ಹೊಣಿ?"

"ನೀವು ಇಲ್ಲಿ ಕುಂತ್ರ ಕೆಡೋದು ಖಾತ್ರಿರಿ. ಹೋದ್ರ ಏನಾಗ್ತದೋ ಗೊತ್ತಿಲ್ಲ. ಯಾವುದು ಬೇಕು, ನೀವ ಹೇಳ್ರಿ."

ಶಿವಕಾಂತಾ ತನ್ನ ಪುಟ್ಟ ಮಗಳನ್ನು ಎಡ ಸೊಂಟಕ್ಕೇರಿಸಿಕೊಂಡು ಗಂಡನ ಅಂಗಡಿಗೆ ಹೋದಳು. ಸಂಜೆಯವರೆಗೆ ಅಲ್ಲಿನ ಡಬ್ಬಿಗಳನ್ನು ಮೂರು ಸಲ ಜೋಡಿಸಿದಳು. ಬಸವಪ್ರಭುವಿಗೆ ಆಮೇಲೆ ಸಾಸಿವೆ ಸಿಗಲೇ ಇಲ್ಲ.

ಮರಳಿದಾಗ ರೊಟ್ಟಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೂತಿತ್ತು, ಟೆಂಪೋ ಬಾಗಿಲಲ್ಲಿತ್ತು. ಅವಳ ಎಡಗೈ ತಾನಾಗಿ ಗಂಟಿನ ಮೇಲೆ ಹೋಯಿತು. ಬಿಚ್ಚಿದರೆ ನೋಡದೆ ಇರಲಾರಳು, ನೋಡಿದರೆ ಹಂಚಿಗಿಡದೆ ಇರಲಾರಳು, ಇಟ್ಟರೆ ಪುಡಿ. ಇಷ್ಟು ಅವಳಿಗೂ ತಿಳಿಯಿತು. ಕೈ ಹಿಂತೆಗೆದುಕೊಂಡು, "ಒಯ್ರಿ" ಎಂದಳು.

ಮರುದಿನ ತೊಟ್ಟಿಲ ಕಾರ್ಯ; ಮಧ್ಯಾಹ್ನವಾದರೂ ಬಾರಾಮತಿಯಿಂದ ಫೋನಿಲ್ಲ. ಎರಡು ಸಲ ಫೋನ್ ಎತ್ತಿಕೊಂಡಳು, ಎರಡು ಸಲ ಕೆಳಗಿಟ್ಟಳು. ಮತ್ತೆ ಹಂಚಿಗಿಡಲು ಈಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆಮೇಲೆ ಮಗಳ ಪಕ್ಕ ಉರುಳಿ ಎಂಥಾ ನಿದ್ದೆ ಹೋದಳೆಂದರೆ, ಊಟಕ್ಕೆ ಬಂದ ಬಸವಪ್ರಭು ಗಾಬರಿಯಾಗಿ, ಉಸಿರಾಡುತ್ತಿದ್ದಾಳೆಯೇ ಎಂದು ಎರಡೆರಡು ಸಲ ಬಗ್ಗಿ ನೋಡಿದ.