ಬೇವಿನ ನೆರಳಿನ ಬಸುರಿ

ಕಲಬುರಗಿಯಿಂದ ಹೊರಟ ಬಸ್ಸು ಕಮಲಾಪುರದಲ್ಲಿ ನಿಂತಿತು. ಕೆಂಪು ಬಾಳೆಹಣ್ಣು ಮಾರುವಾಕೆ ಬೇವಿನ ನೆರಳು ಬಿಟ್ಟು ಬಿಸಿಲಲ್ಲಿ ಕೂತಿದ್ದಳು. ನೆರಳಲ್ಲಿ ಹೊಟ್ಟೆ ಉಬ್ಬಿದ ಪುಟ್ಟ ಓತಿಕ್ಯಾತವೊಂದು ಮೊಟ್ಟೆಯಿಡಲು ಮಣ್ಣು ಕೆದರುತ್ತಿತ್ತು. ಅದರ ಮುಂದೊಂದು ಸುಲಿದ ಹಣ್ಣು!

ಬಸ್ಸಿಳಿದು ನೋಡಲು ಬಗ್ಗಿದೆ. ಅದು ಎದ್ದು ನಿಂತು, ಗೌನ್ ಎತ್ತಿ ಹಿಡಿದು ಓಡುವ ನಮ್ಮ ಕಾನ್ವೆಂಟಿನ ಸಿಸ್ಟರ್ ಹಾಗೆ, ಹಿಂಗಾಲೆರಡರಲ್ಲೇ ಓಡಿಬಿಟ್ಟಿತು.

“ಬೆದರಿಸಿದ್ರಲ್ಲ ಅವ್ವಾರ! ಇನ್ನ ತಿರುಗಿ ಬರ್ತದೋ ಇಲ್ಲೋ.”

“ಸಾರಿ ಅವ್ವಾ. ಆದ್ರ ಅದು ಹಣ್ಣು ತಿನ್ನಂಗಿಲ್ಲ, ಬರೇ ಇನ್‌ಸೆಕ್ಟ್ಸ್.”

“ತಿನ್ನಲಿ, ಬಿಡಲಿ. ಬಸುರಿ ಬಾಗಿಲಿಗಿ ಬಂದ್ರ ಬರಿಗೈಲೆ ಕಳಿಸ್ತಾರೇನ್ರೀ?”

ಡ್ರೈವರ್ ಹಾರ್ನ್ ಹೊಡೆದ. ಗಿಲ್ಟಿಯಾಗಿ ಬಸ್ ಹತ್ತಿ ಕಿಟಕಿಯಿಂದ ನೋಡಿದೆ. ಹಣ್ಣಿಗೆ ಇರುವೆಗಳು ಮುತ್ತಿದ್ದವು. ಓತಿಕ್ಯಾತ ಮೆಲ್ಲನೆ ಮರಳಿ ಬಂದು, ಒಂದೊಂದೇ ಇರುವೆಯನ್ನು ನಿಧಾನವಾಗಿ ತಿನ್ನುತ್ತಿತ್ತು.